ಕೆಂಪಿಗೆ ಕೆಂಪು

ಹೊರಡುವ ಮುನ್ನ, ಕಮರ್ಷಿಯಲ್ ಸ್ಟ್ರೀಟ್

ಐಸ್‌ಲ್ಯಾಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು, ಆಕಾಶದಲ್ಲಿ ಕುಣಿಯುವ ಹಸಿರು ಬೆಳಕು ನೋಡಿದಿರಾ ಎಂದು. ನೋಡಲಿಲ್ಲ. ನಾನು ನೋಡಿದ್ದು ಆಸ್ಪತ್ರೆಯ ಕಾರಿಡಾರು, ಮಂಜುಗಟ್ಟಿದ ಫುಟ್‌ಪಾತು ಮತ್ತು ನನ್ನ ತಮ್ಮನ ಮುಖ. ಪ್ರವಾಸ ಕಥನಕ್ಕೆ ಇಷ್ಟು ಸಾಲದು ಎನ್ನುವವರು ಇಲ್ಲಿಗೇ ಪುಟ ತಿರುಗಿಸಬಹುದು, ನನಗೇನೂ ಬೇಜಾರಿಲ್ಲ.

ತಮ್ಮನ ಹೆಸರು ಮುನಿರಾಜು. ಕಮರ್ಷಿಯಲ್ ಸ್ಟ್ರೀಟಿನ ಒಂದು ಅಡ್ಡರಸ್ತೆಯಲ್ಲಿ ಅವನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ಹಿಡಿದು ಬಂದವರಿಗೆ ಅದೇ ಬಣ್ಣದ ಬ್ಲೌಸ್ ಪೀಸು, ಫಾಲ್ಸು, ಲೈನಿಂಗು ಕೊಡುವ ಅಂಗಡಿ. ಒಂದು ಇಡೀ ಗೋಡೆ ಬರೀ ಕೆಂಪು. ಕುಂಕುಮದ ಕೆಂಪು, ಟೊಮೇಟೊ ಕೆಂಪು, ಇಟ್ಟಿಗೆ ಕೆಂಪು, ದಾಳಿಂಬೆ ಕೆಂಪು, ಇನ್ನೂ ಏನೇನೋ. ಗಿರಾಕಿ ಸೀರೆ ಬಿಚ್ಚುವ ಮೊದಲೇ ಅವನ ಕೈ ಸರಿಯಾದ ಬಟ್ಟೆಯ ಮೇಲಿರುತ್ತದೆ. ಆದರೂ ಟ್ಯೂಬ್‌ಲೈಟನ್ನು ಅವನು ನಂಬುವವನಲ್ಲ. ಸೀರೆಯನ್ನೂ ಪೀಸನ್ನೂ ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು, "ಮ್ಯಾಚಿಂಗ್ ಆಯ್ತು ಮೇಡಂ" ಎಂದ ಮೇಲೆಯೇ ಕತ್ತರಿ ಆಡುವುದು. ಒಳಗೆ ಅಣ್ಣತಮ್ಮಂದಿರ ಹಾಗಿದ್ದ ಎರಡು ಕೆಂಪು ಹೊರಗೆ ಬಂದ ತಕ್ಷಣ ಪಾಲು ಕೇಳುತ್ತವೆ ಎನ್ನುತ್ತಾನೆ.

ಅಂಥವನಿಗೆ ಇರುಳುಗಣ್ಣು. ಚಿಕ್ಕವನಿದ್ದಾಗ ಸಂಜೆಯಾದರೆ ನನ್ನ ಲಂಗದ ಚುಂಗು ಹಿಡಿದೇ ನಡೆಯುತ್ತಿದ್ದ. ಪುಕ್ಕಲ ಎಂದು ಊರೆಲ್ಲ ಆಡಿಕೊಂಡಿತು. ಕಣ್ಣಿನ ಹಿಂಬದಿಯ ರೆಟಿನಾ ಅಂಚಿನಿಂದ ಒಣಗುತ್ತಾ ನಡುವಿಗೆ ಬರುವ ಕಾಯಿಲೆ ಇದು ಎಂದು ತಿಳಿಯುವ ಹೊತ್ತಿಗೆ ಅವನಿಗೆ ಮದುವೆಯಾಗಿ ಅಂಗಡಿಯೂ ಆಗಿತ್ತು. ಈಗ ಹಗಲಲ್ಲೂ ಅವನಿಗೆ ಕಾಣುವುದು ಬಳೆಯೊಳಗಿಂದ ನೋಡಿದಷ್ಟು. ಆ ಬಳೆಯೊಳಗೆ ಬಣ್ಣ ಇನ್ನೂ ಸರಿಯಾಗಿಯೇ ಕಾಣುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ.

ನಮ್ಮ ಕಣ್ಣಿನ ಡಾಕ್ಟರಮ್ಮ ಐಸ್‌ಲ್ಯಾಂಡಿನಲ್ಲಿ ಕಲಿತು ಬಂದವರು. ಅಲ್ಲಿ ಈ ಕಾಯಿಲೆಯ ಕೆಲವರಿಗೆ ಹೊಸದೊಂದು ಚಿಕಿತ್ಸೆ ಕೊಟ್ಟು ನೋಡುತ್ತಿದ್ದಾರೆ, ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬಹುದು ಎಂದು ಅವರೇ ಹೇಳಿದರು. "ಸೂಜಿ ಇಲ್ಲ, ನೋವಿಲ್ಲ. ಕಣ್ಣೊಳಗಿನ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಫೋಟೊದಲ್ಲೇ ಅಳೀತಾರೆ. ಅದನ್ನ ನೋಡಿ ಸೇರಿಸ್ಕೋಬೇಕೋ ಬೇಡ್ವೋ ಅಂತ ಡಿಸೈಡ್ ಮಾಡ್ತಾರೆ" ಎಂದರು. ಇನ್ನೂ ಏನೋ ವಿವರಿಸಿದರು. ನಮ್ಮ ಕಿವಿ ಆಕ್ಸಿಜನ್ ಎಂಬಲ್ಲಿಗೇ ನಿಂತುಬಿಟ್ಟಿತ್ತು.

ಆ ಪದ ನಮ್ಮ ಮನೆಗೆ ಬಂದದ್ದು ಕೊರೊನಾ ಕಾಲದಲ್ಲಿ. ಬೆರಳಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯೊಂದು ಕೈಯಿಂದ ಕೈಗೆ ಓಡಾಡುತ್ತಿತ್ತು. ಹೇಗಿದ್ದೀಯಾ ಎಂದು ಯಾರೂ ಕೇಳುತ್ತಿರಲಿಲ್ಲ, ಎಷ್ಟಿದೆ ಎಂದು ಕೇಳುತ್ತಿದ್ದರು. ಅಪ್ಪ ಹೋದದ್ದು ಆ ಡಬ್ಬಿಯ ನಂಬರು ಇಳಿಯುತ್ತಾ ಇಳಿಯುತ್ತಾ. ಬೆರಳು ಹಿಡಿದುಕೊಂಡು ಕೂತಿದ್ದವನು ಮುನಿ. ಅಂದಿನಿಂದ ನಮ್ಮ ಮನೆಯಲ್ಲಿ ಆಕ್ಸಿಜನ್ ಜಾಸ್ತಿ ಎಂದರೆ ಜೀವ, ಕಡಿಮೆ ಎಂದರೆ ಸಾವು.

ಹೊರಡುವ ಹಿಂದಿನ ದಿನ ಪಕ್ಕದ ಲೇಸು, ಬಾರ್ಡರು ಅಂಗಡಿಯ ಸಲೀಂ ಭಾಯ್ ಮುನಿಯ ಅಂಗಡಿಯ ಬೀಗದ ಕೈ ಇಸಿದುಕೊಂಡರು. "ದುಕಾನ್ ನಾನ್ ನೋಡ್ಕೋತೀನಿ ಮುನಿ ಭಾಯ್. ನೀವ್ ಕಣ್ಣ್ ನೋಡ್ಕೊಂಡ್ ಬನ್ನಿ, ಬಸ್" ಎಂದರು. ಮುನಿಯ ಹೆಂಡತಿ ಮಂಗಳಾ ಊಟದ ಕ್ಯಾರಿಯರನ್ನು ನನ್ನ ಕೈಗೇ ಕೊಟ್ಟಳು. ಬೈಯಪ್ಪನಹಳ್ಳಿಯ ಮನೆಯಿಂದ ಅವನು ದಿನಾ ಅಂಗಡಿಗೆ ಒಯ್ಯುವ ಕ್ಯಾರಿಯರ್ ಅದು. ಸಂಜೆ ಅದನ್ನು ಎತ್ತಿ ನೋಡಿಯೇ ಅವಳು ಗಂಡನ ಆರೋಗ್ಯ ಹೇಳಬಲ್ಲಳು. ಹಗುರವಿದ್ದರೆ ಸರಿ. ಭಾರವಿದ್ದರೆ ಜ್ವರ ಬಂದಿದೆ, ಇಲ್ಲವೇ ಯಾರೋ ಏನೋ ಅಂದಿದ್ದಾರೆ. "ಅಕ್ಕ, ಅಲ್ಲೂ ಇದ್ರಲ್ಲೇ ಹಾಕ್ಕೊಡಿ. ತಟ್ಟೆಯಾದ್ರೆ ಎಷ್ಟು ಬಿಟ್ಟ ಅಂತ ಗೊತ್ತಾಗಲ್ಲ" ಎಂದಳು.

ಕೆಫ್ಲಾವಿಕ್ ವಿಮಾನ ನಿಲ್ದಾಣ

ಇಳಿದಾಗ ಬೆಳಗಿನ ಹೊತ್ತು ಎಂದು ಗಡಿಯಾರ ಹೇಳಿತು. ಹೊರಗೆ ಅಮಾವಾಸ್ಯೆ. ಡಿಸೆಂಬರಿನಲ್ಲಿ ಆ ದೇಶದಲ್ಲಿ ಸೂರ್ಯ ನಡುಹಗಲಿಗೆ ಮುಖ ತೋರಿಸಿ, ಯಾರೋ ಕರೆದಂತೆ ಮತ್ತೆ ಒಳಗೆ ಹೋಗಿಬಿಡುತ್ತಾನೆ. ಇದನ್ನು ನಾನು ಓದಿದ್ದೆ. ಇರುಳುಗಣ್ಣಿನವನನ್ನು ಇಡೀ ದಿನ ಇರುಳಿರುವ ಊರಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂಬುದು ಮಾತ್ರ ಬಾಗಿಲು ದಾಟಿದ ಮೇಲೆ ಹೊಳೆಯಿತು.

"ಅಕ್ಕ, ಕರೆಂಟ್ ಹೋಗಿದ್ಯಾ?"

"ಇಲ್ವೋ. ಇಲ್ಲಿ ಇನ್ನೂ ಬೆಳಗಾಗಿಲ್ಲ."

"ಯಾವಾಗಾಗತ್ತೆ?"

"ಊಟದ ಹೊತ್ತಿಗೆ ಅಂತೆ."

ಅವನು ನಕ್ಕ. ಆಮೇಲೆ ನನ್ನ ಕೋಟಿನ ಚುಂಗು ಹಿಡಿದ. ಇಬ್ಬರಿಗೂ ಐವತ್ತು ದಾಟಿದೆ. ನಾನು ಕೊಸರಿಕೊಳ್ಳಲಿಲ್ಲ. ಹಾಗೆಯೇ ಬಸ್ಸು ಹತ್ತಿದೆವು. ಕಿಟಕಿಯಾಚೆ ಏನಿದೆ ಎಂದು ಕೇಳುತ್ತಲೇ ಇದ್ದ. ಕಪ್ಪು ಕಲ್ಲು ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. ಇನ್ನೂ ಕಪ್ಪು ಕಲ್ಲೇ ಎಂದೆ. ಕೆ.ಆರ್. ಪುರಂ ದಾಟಿದರೂ ಮುಗಿಯದ ಟ್ರಾಫಿಕ್ಕಿನ ಹಾಗೆ ಆ ಕಲ್ಲೂ ಮುಗಿಯಲಿಲ್ಲ.

ರೇಕ್ಯಾವಿಕ್, ಬಾಡಿಗೆ ಮನೆ

ಊರಿನ ಹೆಸರು ಬಾಯಿಗೆ ಕೂರುವ ಮೊದಲೇ ಮೂಗಿಗೆ ಒಂದು ವಾಸನೆ ಕೂತಿತು. ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ನಾತ. ಬಿಸಿನೀರು ಭೂಮಿಯೊಳಗಿಂದಲೇ ಕುದಿದು ಬರುತ್ತದಂತೆ, ಗಂಧಕ ಅದರ ಜೊತೆಗೇ ಬರುತ್ತದೆ. ಆ ನೀರಿನಲ್ಲಿ ಸ್ನಾನ ಮಾಡಿ ಹೊರಬಂದ ಮುನಿ, "ಅಕ್ಕ, ನೀರು ಸಖತ್ತಾಗಿದೆ, ಸ್ನಾನ ಆದ್ಮೇಲೆ ಇನ್ನೊಂದ್ ಸ್ನಾನ ಮಾಡ್ಬೇಕು ಅಷ್ಟೇ" ಎಂದ.

ಮನೆಯೊಡತಿ ಪಕ್ಕದ ಭಾಗದಲ್ಲೇ ಇದ್ದಳು. ಏನು ಹೇಳಿದರೂ ಆಕೆ 'ಯೌ' ಎಂದು ಉಸಿರನ್ನು ಒಳಕ್ಕೆ ಸೆಳೆಯುತ್ತಿದ್ದಳು, ಹಾವು ಕಂಡವರ ಹಾಗೆ. ಬೀಗ ತೆರೆಯಿತು ಎಂದರೆ ಯೌ. ಮನೆ ಬೆಚ್ಚಗಿದೆ ಎಂದರೆ ಯೌ. ನಾನು ಏನೋ ತಪ್ಪು ಮಾಡಿದೆನೆಂದು ಎರಡು ದಿನ ಗಾಬರಿಯಲ್ಲಿದ್ದೆ. ಆಮೇಲೆ ಗೊತ್ತಾಯಿತು, ಅವರ ಭಾಷೆಯಲ್ಲಿ ಅದು 'ಹೌದು'. ಆ ಊರಿನವರು ಹೌದು ಎನ್ನುವಾಗ ಉಸಿರನ್ನು ಹೊರಗೆ ಬಿಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತಾರೆ. ಮುನಿ ಇದನ್ನು ಅಭ್ಯಾಸ ಮಾಡಿ ಕೆಮ್ಮು ಬರಿಸಿಕೊಂಡ.

ಇನ್ನೊಂದು ಗಾಬರಿಯಾದದ್ದು ಕಾಫಿ ಅಂಗಡಿಯ ಮುಂದೆ. ಹಿಮದಲ್ಲಿ ಒಂದು ತಳ್ಳುಗಾಡಿ, ಅದರೊಳಗೆ ಮಲಗಿದ ಕೂಸು. ತಾಯಿ ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾಳೆ. ಅದು ಗೊತ್ತಾಗದೆ, ಯಾರೋ ಮಗು ಬಿಟ್ಟು ಹೋಗಿದ್ದಾರೆ ಎಂದು ನಾನು ಒಳಗೆ ನುಗ್ಗಿ ಕೂಗಾಡಿದೆ. ತಣ್ಣನೆ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವೆ ಎಂದು ಆ ತಾಯಿ ನಗುತ್ತಲೇ ಹೇಳಿದಳು. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಮಾಡಿ ನೋಡಮ್ಮ ಎಂದು ನಾನು ಕನ್ನಡದಲ್ಲೇ ಬೈದು ಬಂದೆ.

ಆಸ್ಪತ್ರೆ, ಮೊದಲ ದಿನ

ಡಾಕ್ಟರ ಹೆಸರು ಸಿಗ್ರುನ್. ನನ್ನ ವಯಸ್ಸಿನಾಕೆ. ಆ ಊರಿನಲ್ಲಿ ಡಾಕ್ಟರನ್ನೂ ಬರೀ ಹೆಸರು ಹಿಡಿದು ಕರೆಯಬೇಕಂತೆ, ಮೇಡಂ ಗೀಡಂ ಇಲ್ಲ. ಮುನಿಗೆ ಅದು ಸಾಧ್ಯವಾಗಲಿಲ್ಲ. 'ಸಿಗ್ರುನ್ ಮೇಡಂ' ಎಂದೇ ಕರೆದ.

ಆಕೆ ಮೊದಲು ಕೇಳಿದ್ದು, ನಿಮ್ಮ ತಂದೆ ತಾಯಿ ಸಂಬಂಧಿಕರೇ ಎಂದು. ಹೌದು, ಅಮ್ಮ ಅಪ್ಪನ ಅಕ್ಕನ ಮಗಳು ಎಂದೆ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಏನೋ ಅಪರಾಧದಂತೆ ಕೇಳಿಸಿತು. ನಮ್ಮ ಕಡೆ ಹೊಲ ಮನೆಯಿಂದ ಹೊರಗೆ ಹೋಗಬಾರದೆಂದು ಸೋದರಮಾವನಿಗೇ ಕೊಡುತ್ತಿದ್ದರು. ಈಗ ಆ ಹೊಲದಲ್ಲಿ ಅಪಾರ್ಟ್‌ಮೆಂಟಿನ ಈಜುಕೊಳವಿದೆ. ಹೊಲ ಹೋಯಿತು, ಕಾಯಿಲೆ ಮನೆಯಲ್ಲೇ ಉಳಿಯಿತು. ಸಿಗ್ರುನ್ ಮುಖ ಸಿಂಡರಿಸಲಿಲ್ಲ. ನಮ್ಮದು ಪುಟ್ಟ ದ್ವೀಪ, ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ, ನಮ್ಮ ಹುಡುಗ ಹುಡುಗಿಯರು ಜೊತೆಯಲ್ಲಿ ಓಡಾಡುವ ಮೊದಲು ವಂಶ ಹುಡುಕಿ ನೋಡಿಕೊಳ್ಳುತ್ತಾರೆ ಎಂದಳು. ಆ ಒಂದು ಮಾತಿಗೆ ನನಗೆ ಆಕೆಯ ಮೇಲೆ ಪ್ರೀತಿ ಬಂತು.

ಕ್ಯಾಮೆರಾ ಇದ್ದ ಕೋಣೆಯಲ್ಲಿ ಎಯ್ನಾರ್ ಎಂಬ ಗಡ್ಡದ ಮನುಷ್ಯ ಮುನಿಯ ಕಣ್ಣಿಗೆ ಹನಿ ಹಾಕಿ, ಗದ್ದ ಇಡಿಸಿ, ಯಂತ್ರದ ಕೆಲಸವನ್ನು ವಿವರಿಸಿದ. ಒಂದೇ ಸಲಕ್ಕೆ ಎರಡು ಬಣ್ಣದ ಬೆಳಕಿನಲ್ಲಿ ಕಣ್ಣೊಳಗಿನ ಫೋಟೊ. ಒಂದು ಬೆಳಕಿನಲ್ಲಿ ಆಕ್ಸಿಜನ್ ಇರುವ ರಕ್ತವೂ ಇಲ್ಲದ ರಕ್ತವೂ ಒಂದೇ ಥರ ಕಾಣುತ್ತವೆ, ಇನ್ನೊಂದರಲ್ಲಿ ಬೇರೆ ಬೇರೆ ಕಾಣುತ್ತವೆ. ಎರಡನ್ನೂ ತಾಳೆ ನೋಡಿ ಯಂತ್ರ ಲೆಕ್ಕ ಹಾಕುತ್ತದೆ. ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಮುನಿಯ ಮುಖ ಅರಳಿತು.

"ಅಯ್ಯೋ ಅಕ್ಕ, ಇದು ನಮ್ಮ ಅಂಗಡಿ ಕೆಲಸಾನೇ! ಒಂದ್ಸಲ ಟ್ಯೂಬ್‌ಲೈಟಲ್ಲಿ ನೋಡು, ಒಂದ್ಸಲ ಬಿಸ್ಲಲ್ಲಿ ನೋಡು. ಇವ್ರಿಗೂ ಟ್ಯೂಬ್‌ಲೈಟ್ ಮೇಲೆ ನಂಬ್ಕೆ ಇಲ್ಲ."

ಬೆಳಕು ಮಿಂಚಿತು. ನೋವಿಲ್ಲ, ಮುಟ್ಟಿದ್ದೂ ಇಲ್ಲ. ಎಯ್ನಾರ್ ಪರದೆ ನೋಡಿ 'ಯೌ' ಎಂದು ಉಸಿರೆಳೆದ. ಮುನಿ ಬೆಚ್ಚಿದ. ಹೌದು ಅಂದನಷ್ಟೇ ಎಂದು ಸಮಾಧಾನ ಮಾಡಿದೆ.

ಪರದೆಯ ಮೇಲೆ ಬಳ್ಳಿಯಂತೆ ಹಬ್ಬಿದ ರಕ್ತನಾಳಗಳು. ಯಂತ್ರವೇ ಅವಕ್ಕೆ ಬಣ್ಣ ಬಳಿದಿತ್ತು. ಆಕ್ಸಿಜನ್ ಹೆಚ್ಚಿದ್ದರೆ ಕೆಂಪು, ಕಡಿಮೆಯಾದಂತೆ ಹಳದಿ, ಹಸಿರು, ಕೊನೆಗೆ ನೀಲಿ. ಮುನಿಯದರಲ್ಲಿ ಹಸಿರೂ ಇಲ್ಲ, ನೀಲಿಯೂ ಇಲ್ಲ. ಅವನು ಕುರ್ಚಿ ಎಳೆದುಕೊಂಡು, ಪರದೆಗೆ ಮೂಗು ತಾಗಿಸಿ, ತನ್ನ ಬಳೆಯಷ್ಟು ನೋಟವನ್ನು ಒಂದೊಂದೇ ನಾಳದ ಮೇಲೆ ಹರಿಸಿದ. ರಕ್ತ ಒಳಗೆ ತರುವ ನಾಳ ಇದು, ವಾಪಸ್ ಒಯ್ಯುವ ನಾಳ ಇದು ಎಂದು ಎಯ್ನಾರ್ ತೋರಿಸಿಕೊಟ್ಟ.

"ಇದು ಕುಂಕುಮ. ಇದು ಟೊಮೇಟೊ. ಒಂದ್ ಶೇಡ್ ಆಕಡೆ ಈಕಡೆ ಅಷ್ಟೇ ಅಕ್ಕ. ಮ್ಯಾಚಿಂಗ್ ಆಗಿದೆ!"

ವಾಪಸ್ ಬರುವ ನಾಳದಲ್ಲೂ ಆಕ್ಸಿಜನ್ ಹೆಚ್ಚಿದೆಯೇ ಎಂದು ನಾನು ಎಯ್ನಾರನನ್ನು ಕೇಳಿದೆ. ಹೌದು, ಹೆಚ್ಚೇ ಇದೆ, ಮಿಕ್ಕಿದ್ದನ್ನು ಡಾಕ್ಟರು ನಾಳೆ ಮಾತಾಡುತ್ತಾರೆ ಎಂದ. ಅವನ ದನಿ ಚಪ್ಪೆಯಾಗಿತ್ತು. ಆ ಊರಿನವರ ದನಿಯೇ ಹಾಗೆ ಎಂದುಕೊಂಡೆ. ಮುನಿ ಆಗಲೇ ಮಂಗಳಾಗೆ ಫೋನು ಹಚ್ಚಿದ್ದ. "ಆಕ್ಸಿಜನ್ ಫುಲ್ ಇದೆ ಕಣೇ! ಹೋಗೋ ಕಡೆನೂ ಫುಲ್, ಬರೋ ಕಡೆನೂ ಫುಲ್!" ಆಚೆಯಿಂದ ಅವಳು ಅಳುವುದು ನನಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಲೀಂ ಭಾಯ್ ಫೋಟೊ ಕಳಿಸಿದರು. ರಸ್ತೆಯ ಅಂಗಡಿಯವರೆಲ್ಲ ಜಿಲೇಬಿ ಹಿಡಿದುಕೊಂಡು ನಿಂತಿದ್ದರು. ಬಾಡಿಗೆ ಮನೆಯಲ್ಲಿ ನಾನು ಅನ್ನ ಸಾರು ಮಾಡಿ ಕ್ಯಾರಿಯರಿಗೆ ಹಾಕಿ ಕೊಟ್ಟೆ. ಅವನು ಬಳಿದು ಬಳಿದು ಉಂಡ.

ಆಸ್ಪತ್ರೆ, ಮರುದಿನ

ಸಿಗ್ರುನ್ ಮೊದಲು ನನ್ನ ಕಡೆ ತಿರುಗಿದಳು. ನೀವು ಒಡಹುಟ್ಟಿದವರು, ಹೋಲಿಸಿ ನೋಡಲು ನಿಮ್ಮ ಕಣ್ಣಿನದೂ ಒಂದು ಫೋಟೊ ತೆಗೆಯಬಹುದೇ ಎಂದು ನನ್ನನ್ನು ಕೇಳಿದಳು. ಕೂತೆ. ಬೆಳಕು ಮಿಂಚಿತು. ಆಕೆ ಎರಡೂ ಫೋಟೊಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟಳು. ಮುನಿ ಮತ್ತೆ ಕುರ್ಚಿ ಎಳೆದುಕೊಂಡ. ತನ್ನದನ್ನು ನೋಡಿ ನನ್ನದಕ್ಕೆ ಬಂದ. ಅಲ್ಲಿ ಮುಖ ನಿಂತುಬಿಟ್ಟಿತು.

"ಅಕ್ಕ, ಇದ್ಯಾರ್ದು?"

"ನಂದು."

"ಬರೋ ಕಡೆ ನೀಲಿ ಇದೆಯಲ್ಲ."

ನನಗೂ ಕಾಣುತ್ತಿತ್ತು. ಒಂದು ನಾಳ ಕೆಂಪು, ಅದರ ಪಕ್ಕದ್ದು ಹಸಿರಿಗೆ ತಿರುಗಿ ನೀಲಿ. ಅಪ್ಪನ ಬೆರಳಿನ ಡಬ್ಬಿಯೇ ಕಣ್ಣ ಮುಂದೆ ಬಂತು. ಮುನಿ ಎದ್ದು ನಿಂತ. ಗಿರಾಕಿಗಳೊಡನೆ ಆಡುವ ಇಂಗ್ಲಿಷಿನಲ್ಲಿ, ಸಿಗ್ರುನ್ ಇರಬಹುದಾದ ದಿಕ್ಕಿಗೆ ಎರಡೂ ಕೈ ಮುಗಿದು ಹೇಳಿದ:

"ಮೇಡಂ, ಮೈ ಐ ಓಕೆ. ಮೈ ಸಿಸ್ಟರ್ ನೋ ಆಕ್ಸಿಜನ್. ಮೈ ಟ್ರೀಟ್‌ಮೆಂಟ್ ಗಿವ್ ಸಿಸ್ಟರ್. ಸಿಸ್ಟರ್ ಫಸ್ಟ್, ಮೇಡಂ, ಪ್ಲೀಸ್."

ಆಮೇಲೆ ನನ್ನ ಕಡೆ ತಿರುಗಿ, "ನೀನ್ ಹೆದ್ರಬೇಡ ಅಕ್ಕ. ನಾನ್ ಮಾತಾಡ್ತೀನಿ. ನನಗಿನ್ನೂ ಟೈಮಿದೆ" ಎಂದ.

ಸಿಗ್ರುನ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಆಕೆ ಪರದೆಯನ್ನು ಬಿಟ್ಟು ನನ್ನನ್ನು ನೋಡಿದಳು. ನಿಧಾನವಾಗಿ, ಸಣ್ಣ ಸಣ್ಣ ಇಂಗ್ಲಿಷಿನಲ್ಲಿ ಹೇಳಿದಳು. ಒಳಗೆ ಬರುವ ರಕ್ತ ಆಕ್ಸಿಜನ್ ತರುತ್ತದೆ. ಜೀವವಿರುವ ರೆಟಿನಾ ಅದನ್ನು ಬಳಸಿಕೊಳ್ಳುತ್ತದೆ. ಬಳಸಿಕೊಂಡ ಮೇಲೆ ವಾಪಸ್ ಹೋಗುವ ರಕ್ತದಲ್ಲಿ ಕಡಿಮೆ ಇರಲೇಬೇಕು, ಅದು ನೀಲಿಯಾಗಲೇಬೇಕು. ನಿಮ್ಮ ಕಣ್ಣು ಚೆನ್ನಾಗಿದೆ. ನಿಮ್ಮ ತಮ್ಮನ ಕಣ್ಣಿಗೆ ಹೋದ ಆಕ್ಸಿಜನ್ ಹೆಚ್ಚುಕಡಿಮೆ ಹೋದ ಹಾಗೇ ವಾಪಸ್ ಬರುತ್ತಿದೆ. ಅದನ್ನು ಬಳಸುವವರು ಅಲ್ಲಿ ಬಹಳ ಉಳಿದಿಲ್ಲ. ನಡುವಿನಲ್ಲಿ ಸ್ವಲ್ಪ ಇದೆ, ಅದೂ ಹೋಗುತ್ತಿದೆ. ಈ ಚಿಕಿತ್ಸೆಗೆ ಇವರನ್ನು ಸೇರಿಸಿಕೊಳ್ಳಲು ನನ್ನಿಂದ ಆಗದು, ಕ್ಷಮಿಸಿ.

"ಏನಂತೆ? ನಿನ್ನ ಸೇರಿಸ್ಕೋತಾರಂತಾ?" ಎಂದು ಮುನಿ ಕೇಳಿದ.

ಬೇರೆ ಯಾರಾದರೂ ಈ ಮಾತನ್ನು ಅವನಿಗೆ ಹೇಳಿದ್ದರೆ ನಾನು ಅವರಿಗೆ ಜನ್ಮವಿಡೀ ಋಣಿಯಾಗಿರುತ್ತಿದ್ದೆ. ಆ ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದವಳು ನಾನೊಬ್ಬಳೇ. ವೈದ್ಯರ ಮಾತು ನನ್ನ ಬಾಯಿಗೆ ಬರಲಿಲ್ಲ. ನನಗೆ ತೋಚಿದ್ದು ಮಂಗಳಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕ್ಯಾರಿಯರ್ ಎತ್ತಿ ನೋಡುವ ರೀತಿ.

"ಮುನಿ, ಮಂಗಳಾ ಕ್ಯಾರಿಯರ್ ಕಟ್ತಾಳಲ್ಲ. ಸಂಜೆ ಅದು ತುಂಬಿದ್ದಂಗೇ ವಾಪಸ್ ಬಂದ್ರೆ ಏನಂತಾಳೆ?"

"ಹುಷಾರಿಲ್ವಾ ಅಂತಾಳೆ."

ಅವನು ಕೂತ. ಪರದೆಗೆ ಮತ್ತೆ ಮೂಗು ತಾಗಿಸಿದ. ತನ್ನ ಫೋಟೊದಲ್ಲಿ ಒಳಗೆ ಹೋಗುವ ಕೆಂಪನ್ನು ನೋಡಿದ, ಹೊರಗೆ ಬರುವ ಕೆಂಪನ್ನು ನೋಡಿದ. ಸೀರೆಗೆ ಪೀಸು ಹಿಡಿದು ನೋಡುವಷ್ಟೇ ಹೊತ್ತು ನೋಡಿದ.

"ಮ್ಯಾಚಿಂಗ್ ಆಗ್ಬಾರ್ದಿತ್ತು" ಎಂದ.

"ಹೂಂ."

"ನಿನ್ ಕಣ್ಣು ಊಟ ಮಾಡ್ತಿದೆ."

"ಹೂಂ ಕಣೋ."

"ಸದ್ಯ" ಎಂದ.

ಆ 'ಸದ್ಯ'ವನ್ನು ನಾನು ಇವತ್ತಿಗೂ ತಡೆದುಕೊಳ್ಳಲಾರೆ. ಬೈದಿದ್ದರೆ, ಅತ್ತಿದ್ದರೆ, ಅಪ್ಪ ಅಮ್ಮನ ಮದುವೆಯನ್ನು ಶಪಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿ ನನ್ನ ಕಣ್ಣು ಹೊಟ್ಟೆ ತುಂಬ ಉಣ್ಣುತ್ತಿತ್ತು. ನನಗೆ ನಾಚಿಕೆಯಾಯಿತು. ಏನೂ ತಪ್ಪು ಮಾಡದಿದ್ದರೂ ಆಗುವ ನಾಚಿಕೆ ಅದು. ಸಿಗ್ರುನ್ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಅವನು 'ಥ್ಯಾಂಕ್ಯೂ ಮೇಡಂ' ಎಂದ. ಯೌ ಎಂದು ಆಕೆ ಉಸಿರೆಳೆದುಕೊಂಡಳು, ಈ ಸಲ ಅದು ಹೌದು ಎಂದಂತೆ ಕೇಳಿಸಲಿಲ್ಲ.

ಕಡಲ ದಂಡೆ

ಆಸ್ಪತ್ರೆಯಿಂದ ಹೊರಬಂದಾಗ ಆ ದಿನದ ಚೂರು ಬಿಸಿಲು ಬಿದ್ದಿತ್ತು. ಮನೆಗೆ ಹೋಗಲು ಇಬ್ಬರಿಗೂ ಮನಸ್ಸಿಲ್ಲದೆ ಕಡಲ ಕಡೆ ನಡೆದೆವು. ಗಾಳಿ ಕೆನ್ನೆ ಸುಲಿಯುತ್ತಿತ್ತು. ಮುನಿಯ ಫೋನು ಜೇಬಿನಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು. ಹಲಸೂರಿನ ಚಿಕ್ಕಮ್ಮ, ಮಂಗಳಾಳ ತಮ್ಮ, ಅಂಗಡಿಯ ಹಳೆಯ ಗಿರಾಕಿಗಳು, ಎಲ್ಲರದೂ ಶುಭಾಶಯ.

"ಮಂಗಳಾಗೆ ನಾನ್ ಹೇಳ್ಲಾ?" ಎಂದೆ.

"ಬೇಡ. ಊರಿಗ್ ಹೋದ್ಮೇಲೆ ನಾನೇ ಹೇಳ್ತೀನಿ. ಫೋನಲ್ಲಿ ಬೇಡ." ಜೇಬಿನ ಫೋನನ್ನು ಅದುಮಿ ಹಿಡಿದು, "ಜಿಲೇಬಿ ಬೇರೆ ಹಂಚ್ಬಿಟ್ರಲ್ಲ ಅಕ್ಕ" ಎಂದ.

ಕಡಲು ಯಾವ ಬಣ್ಣ ಎಂದು ಕೇಳಿದ. ಬೂದಿ ಬಣ್ಣ ಎಂದೆ. ಬೂದೀಲಿ ಯಾವ ಬೂದಿ ಎಂದು ಸಿಡುಕಿದ. ಅವನು ಕತ್ತು ನೀಟಿಕೊಂಡು, ತನ್ನ ಬಳೆಯೊಳಗೆ ಸಿಕ್ಕಷ್ಟು ಕಡಲನ್ನು ತುಂಡು ತುಂಡಾಗಿ ನೋಡಿದ. ಬಿಸಿಲು ಹೋಗುವವರೆಗೂ ನೋಡಿದ. ಆಮೇಲೆ ನನ್ನ ಕೋಟಿನ ಚುಂಗಿಗೆ ಕೈ ಚಾಚಿದ.

ಆ ಸಂಜೆ ಕ್ಯಾರಿಯರ್ ಭಾರವಾಗಿಯೇ ಉಳಿಯಿತು. ನಾನೂ ಉಣ್ಣಲಿಲ್ಲ.

ಮತ್ತೆ ಅಂಗಡಿ

ಮಂಗಳಾಗೆ ಅವನು ಏನು ಹೇಳಿದ, ಹೇಗೆ ಹೇಳಿದ ಎಂದು ನಾನು ಕೇಳಿಲ್ಲ. ಈಗ ಅವಳೂ ಅಂಗಡಿಗೆ ಬರುತ್ತಾಳೆ. ಯಾವ ಕೆಂಪು ಎಲ್ಲಿದೆ ಎಂದು ಕಲಿಯುತ್ತಿದ್ದಾಳೆ. ಸಲೀಂ ಭಾಯ್ ಆಕ್ಸಿಜನ್ನಿನ ಮಾತೆತ್ತುವುದಿಲ್ಲ. ಗಿರಾಕಿ ಇಲ್ಲದಾಗ ಬಂದು ಸುಮ್ಮನೆ ಕೂತು ಚಹಾ ಕುಡಿದು ಹೋಗುತ್ತಾರೆ.

ಮೊನ್ನೆ ನಾನು ಹೋದಾಗ ಮಂಗಳಾ ಬ್ಯಾಂಕಿಗೆ ಹೋಗಿದ್ದಳು. ಮುನಿಯ ಎದುರಿಗಿದ್ದ ಸ್ಟೂಲಿನ ಮೇಲೆ ಕೂತೆ. ರಿಚರ್ಡ್ಸ್ ಟೌನಿನಿಂದ ಬಂದಿದ್ದ ಹೆಂಗಸೊಬ್ಬರು ರೇಷ್ಮೆ ಸೀರೆ ಬಿಚ್ಚಿದರು. ಮುನಿ ಪೀಸು ತೆಗೆದು, ಬಾಗಿಲಿನ ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದ. ಮೊದಲು ಇಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

"ಒಂಚೂರು ಡಿಫರೆನ್ಸ್ ಇದೆ ಮೇಡಂ. ಇರ್ಲಿ ಬಿಡಿ. ಡಿಫರೆನ್ಸ್ ಇರ್ಬೇಕು."

"ಏನ್ರೀ, ಮ್ಯಾಚಿಂಗ್ ಸೆಂಟರ್ ಅಂತ ಬೋರ್ಡ್ ಹಾಕ್ಕೊಂಡು ಹಿಂಗಂತೀರಾ!" ಎಂದು ಆಕೆ ನಕ್ಕು, ಅದನ್ನೇ ಕಟ್ಟಿಸಿಕೊಂಡು ಹೋದರು.

ಅವರಿಗೆ ದಾರಿ ಬಿಡಲು ನಾನು ಎದ್ದು ಬಾಗಿಲ ಹೊರಗೆ ನಿಂತಿದ್ದೆ. ಮುನಿ ಬಾಗಿಲಿನ ಬಿಸಿಲು ಬಿಟ್ಟು ಗಲ್ಲಾದ ಹಿಂದಿನ ಮಬ್ಬಿಗೆ ಹೋಗಿ ಕೂತು, ಬಟ್ಟೆ ಮಡಿಸುತ್ತಾ ಸ್ಟೂಲಿನ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದ.

"ಅಕ್ಕ, ನೀನು ವರ್ಷಕ್ಕೊಂದ್ಸಲ ಕಣ್ಣು ತೋರಿಸ್ಕೋ. ಚೆನ್ನಾಗಿದೆ ಅಂತ ಬಿಟ್ಬಿಡ್ಬೇಡ. ಆಯ್ತಾ?"

ಸ್ಟೂಲು ಖಾಲಿಯಿತ್ತು. ಅವನು ಉತ್ತರಕ್ಕೆ ಕಾಯುತ್ತಿದ್ದ. ನಾನು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಸದ್ದಾಗದಂತೆ ಒಳಗೆ ಬಂದು, ಸ್ಟೂಲಿನ ಮೇಲೆ ಕೂತೆ. ಕೂತ ಮೇಲೆ, ಆ ಊರಿನವರ ಹಾಗೆ ಉಸಿರನ್ನು ಒಳಕ್ಕೆಳೆದುಕೊಂಡು, ಹೂಂ ಎಂದೆ.